ಗೋಡೆಯ ಬಿರುಕು ಮತ್ತು ಎರೆಮಣ್ಣಿನ ಚರಿತ್ರೆ

ಅಮೀನಗಡ ಎಂದೊಡನೆ ಕರದಂಟು ನೆನಪಾಗುತ್ತದೆ. ಆದರೆ ಹುನಗುಂದ ಸೀಮೆಯಲ್ಲಿ ಮನೆ ಕಟ್ಟುವವರು ಮೊದಲು ನೆನೆಯಬೇಕಾದದ್ದು ಅಲ್ಲಿನ ಎರೆಮಣ್ಣನ್ನು. ಬೇಸಿಗೆಯಲ್ಲಿ ಎರೆಹೊಲ ಬಾಯಿಬಿಡುವುದನ್ನು ನೀವು ನೋಡಿದ್ದೀರಿ. ಅದೇ ಮಣ್ಣಿನ ಮೇಲೆ ನಿಂತ ಮನೆಯ ಹೊರಗೋಡೆಯೂ ಬಾಯಿಬಿಟ್ಟರೆ ಆಶ್ಚರ್ಯವಿಲ್ಲ.

ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೆಚ್ಚಾಗಿರುತ್ತದೆ. ಇದರ ತೆಳು ಪದರಗಳ ನಡುವೆ ನೀರು ಸೇರಿದಾಗ ಮಣ್ಣು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಮನೆಯ ನಡುಭಾಗದ ಕೆಳಗಿನ ಮಣ್ಣಿಗೆ ಬಿಸಿಲು, ಮಳೆ ಅಷ್ಟಾಗಿ ತಾಗುವುದಿಲ್ಲ. ಅಂಚಿನ ಮಣ್ಣಿಗೆ ತಾಗುತ್ತದೆ. ಹೀಗೆ ಬುನಾದಿ ಒಂದೆಡೆ ಏರಿ ಇನ್ನೊಂದೆಡೆ ಇಳಿದಾಗ ಗೋಡೆ ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳುತ್ತದೆ.

ಹಿಂದಿನ ಮನೆಗಳ ಗೋಡೆಗಳನ್ನು ಕಲ್ಲು ಮತ್ತು ಮಣ್ಣಿನಿಂದ ದಪ್ಪವಾಗಿ ಕಟ್ಟುತ್ತಿದ್ದರು. ಮಣ್ಣಿನ ಅಥವಾ ಸುಣ್ಣದ ಗಾರೆಯ ಸಂದುಗಳು ಮೆತ್ತಗಿದ್ದು, ಅಲ್ಪಸ್ವಲ್ಪ ಚಲನೆಯನ್ನು ತಾಳಿಕೊಳ್ಳುತ್ತಿದ್ದವು. 1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದ. ಕಾಲಕ್ರಮದಲ್ಲಿ ಸಿಮೆಂಟು ನಮ್ಮ ಹಳ್ಳಿಗಳಿಗೂ ಬಂತು. ಗೋಡೆ ಗಟ್ಟಿಯಾಯಿತು, ಆದರೆ ಬಾಗುವ ಗುಣ ಕಳೆದುಕೊಂಡಿತು. ಅದರ ಕೆಳಗಿನ ಮಣ್ಣು ಮಾತ್ರ ಬದಲಾಗಲಿಲ್ಲ.

ಮಣ್ಣಿನ ವರ್ತನೆಯನ್ನು ಲೆಕ್ಕಕ್ಕೆ ತಂದವರು ಕಾರ್ಲ್ ಟೆರ್ಜಾಗಿ. 1925ರಲ್ಲಿ ಬಂದ ಅವರ ಗ್ರಂಥದಿಂದ ಮಣ್ಣಿನ ಯಂತ್ರಶಾಸ್ತ್ರ ಪ್ರತ್ಯೇಕ ವಿಜ್ಞಾನವಾಗಿ ಬೆಳೆಯಿತು. ಭಾರತದಲ್ಲಿ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಎರೆಮಣ್ಣಿಗೆಂದೇ ತಳದಲ್ಲಿ ಗಡ್ಡೆಯಂತೆ ಉಬ್ಬಿದ ಕಾಂಕ್ರೀಟ್ ಕಂಬಗಳನ್ನು ರೂಪಿಸಿತು. ಸುಮಾರು 3.5 ಮೀಟರ್ ಆಳದಲ್ಲಿ ತೇವಾಂಶದ ಏರಿಳಿತ ಬಹಳ ಕಡಿಮೆ. ಅಲ್ಲಿ ಬೇರೂರಿದ ಕಂಬ ಅಲುಗದು.

ಇನ್ನೊಂದು ಪರಿಹಾರ ನಮ್ಮ ನೆಲದಲ್ಲೇ ಮೂಡಿತು. ಮಲಪ್ರಭಾ ಯೋಜನೆಯ ನಾಲೆಗಳ ಒಳಹೊದಿಕೆ ಎರೆಮಣ್ಣಿನಲ್ಲಿ ಒಡೆಯುತ್ತಿತ್ತು. ಮುಂಬಯಿ ಐ.ಐ.ಟಿ.ಯ ಪ್ರಾಧ್ಯಾಪಕ ಆರ್.ಕೆ. ಕಟ್ಟಿ ಅವರು ಮೇಲ್ಭಾಗದಲ್ಲಿ ಉಬ್ಬುವ ಎರೆಮಣ್ಣು ಸುಮಾರು 1 ಮೀಟರ್ ಕೆಳಗೆ ನೆನೆದರೂ ಉಬ್ಬುವುದಿಲ್ಲವೆಂದು ದೊಡ್ಡ ಪ್ರಮಾಣದ ಪ್ರಯೋಗಗಳಿಂದ ಕಂಡುಕೊಂಡರು. ಮೇಲಿನ ಎರೆಮಣ್ಣನ್ನು ತೆಗೆದು, ಅಂಟುಗುಣವಿದ್ದೂ ಉಬ್ಬದ ಮಣ್ಣನ್ನು ಹಾಕಿ ದಮ್ಮಸು ಮಾಡಿದರೆ ಕೆಳಗಿನ ಮಣ್ಣು ಹತೋಟಿಯಲ್ಲಿರುತ್ತದೆ. ಈ ತತ್ತ್ವ ನಾಲೆಗಳ ಜೊತೆಗೆ ಬುನಾದಿಗಳಿಗೂ ಉಪಯುಕ್ತವಾಯಿತು.

ಈಗಾಗಲೇ ಬಿರುಕುಬಿಟ್ಟ ಮನೆಗೆ ಏನು ಮಾಡಬೇಕು? ಬಲೆಯಂಥ ಕೂದಲೆಳೆ ಗೀರುಗಳು ಸಾಮಾನ್ಯವಾಗಿ ಗಿಲಾವಿನವು. ಅವುಗಳ ಭಯ ಬೇಡ. ಓರೆ ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗುರುತು ಹಾಕಿ ದಿನಾಂಕ ಬರೆಯಿರಿ. ಅಗಲವನ್ನು ತಿಂಗಳಿಗೊಮ್ಮೆ, ಒಂದು ವರ್ಷ ಅಳೆಯಿರಿ. ಬೇಸಿಗೆಗೂ ಮಳೆಗಾಲಕ್ಕೂ ಅಗಲ ಬದಲಾದರೆ ಕಾರಣ ನೆಲದಲ್ಲಿದೆ. ಆಗ ಬರೀ ಸಿಮೆಂಟು ಮೆತ್ತಿದರೆ ಹಣ ವ್ಯರ್ಥ. ಬಚ್ಚಲ ನೀರು, ಸೂರಿನ ನೀರು ಬುನಾದಿಗೆ ಇಳಿಯದಂತೆ ಗೋಡೆಯ ಸುತ್ತ ಇಳಿಜಾರಾದ ಕಲ್ಲುಹಾಸು ಮಾಡಿಸಿ. ದೊಡ್ಡ ಮರಗಳನ್ನು ದೂರ ನೆಡಿ. ಬಿರುಕು ಹಿಗ್ಗುತ್ತಲೇ ಇದ್ದರೆ ಎಂಜಿನಿಯರಿಗೆ ತೋರಿಸಿ.

ಶಾಲೆಯಲ್ಲಿ ಒಂದು ಪ್ರಯೋಗ ಮಾಡಿನೋಡಿ. ಒಣಗಿಸಿ ಜರಡಿ ಹಿಡಿದ ಎರೆಮಣ್ಣನ್ನು ತಲಾ 10 ಗ್ರಾಂನಂತೆ ಎರಡು ಅಳತೆಜಾಡಿಗಳಿಗೆ ಹಾಕಿ. ಒಂದಕ್ಕೆ ಬಟ್ಟಿಯಿಳಿಸಿದ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಕಲಕಿ, 24 ಗಂಟೆ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಎರಡರ ಗಾತ್ರದ ವ್ಯತ್ಯಾಸವೇ ನಿಮ್ಮೂರಿನ ಗೋಡೆಗಳ ಕಥೆ ಹೇಳುತ್ತದೆ.