ಹಿರೋಶಿಮಾದ ಕೊಕೊ

ಹಿರೋಶಿಮಾ ಎಂದೊಡನೆ ಪಠ್ಯಪುಸ್ತಕದ ಅಣಬೆಯಾಕಾರದ ಹೊಗೆ ನಮ್ಮ ಕಣ್ಣಮುಂದೆ ಬರುತ್ತದೆ. ಆ ಹೊಗೆಯ ಅಡಿಯಲ್ಲಿ ಎಂಟು ತಿಂಗಳ ಒಂದು ಕೂಸಿತ್ತು. 1945ರ ಆಗಸ್ಟ್ 6ರ ಬೆಳಿಗ್ಗೆ ಮನೆ ಕುಸಿದಾಗ ಕೊಕೊ ತಾನಿಮೊಟೊ ತಾಯಿಯ ತೋಳಿನಲ್ಲಿದ್ದಳು. ಅವಶೇಷಗಳ ನಡುವೆ ಕಿಂಡಿ ಮಾಡಿ ತಾಯಿ ಮಗುವನ್ನು ಹೊರಗೆ ತಂದಳು.

ತಂದೆ ಕಿಯೋಶಿ ತಾನಿಮೊಟೊ ಕ್ರೈಸ್ತ ಪಾದ್ರಿ. ಮುಖ ಸುಟ್ಟುಹೋದ ಹೆಣ್ಣುಮಕ್ಕಳು ಅವರ ಚರ್ಚಿಗೆ ಬರುತ್ತಿದ್ದರು. ಪುಟ್ಟ ಕೊಕೊಳ ತಲೆ ಬಾಚುತ್ತಿದ್ದರು. ಅವರನ್ನು ನೋಡುತ್ತಾ ಬೆಳೆದ ಹುಡುಗಿ, ಬಾಂಬು ಹಾಕಿದವರು ಸಿಕ್ಕರೆ ಸೇಡು ತೀರಿಸಿಕೊಳ್ಳಬೇಕೆಂದು ಮನಸ್ಸಿನಲ್ಲೇ ನಿಶ್ಚಯಿಸಿದ್ದಳು.

1955ರ ಮೇ ತಿಂಗಳಲ್ಲಿ ಅಮೆರಿಕದ ಟೆಲಿವಿಷನ್ ಕಾರ್ಯಕ್ರಮವೊಂದಕ್ಕೆ ತಂದೆಯನ್ನು ಕರೆದರು. ಹೆಂಡತಿ ಮಕ್ಕಳನ್ನೂ ಕರೆಸಿದ್ದರು. ಮುನ್ಸೂಚನೆಯಿಲ್ಲದೆ ಅವರೆದುರು ತಂದು ನಿಲ್ಲಿಸಿದ್ದು ಯಾರನ್ನು ಗೊತ್ತೇ? ಬಾಂಬು ಹಾಕಿದ 'ಎನೋಲಾ ಗೇ' ವಿಮಾನದ ಸಹಪೈಲಟ್ ರಾಬರ್ಟ್ ಲೂಯಿಸ್ ಅವರನ್ನು! ಪ್ರದರ್ಶನಕ್ಕಾಗಿ ಗಾಯ ಕೆದಕುವ ಈ ಏರ್ಪಾಟು ನನಗಂತೂ ಹಿಡಿಸುವುದಿಲ್ಲ. ಹತ್ತು ವರ್ಷದ ಕೊಕೊ ಅವರನ್ನು ದುರುಗುಟ್ಟಿ ನೋಡಿದಳು. ನಗರವೇ ಮಾಯವಾದದ್ದನ್ನು ಮೇಲಿನಿಂದ ಕಂಡ ಬಗೆ ಹೇಳುವಾಗ ಲೂಯಿಸ್ ಕಣ್ಣಲ್ಲಿ ನೀರು ತುಂಬಿತ್ತು. ರಾಕ್ಷಸನೆಂದುಕೊಂಡಿದ್ದವನೂ ಮನುಷ್ಯನೇ! ಮೆಲ್ಲನೆ ಹತ್ತಿರ ಸರಿದು ಅವರ ಕೈ ಮುಟ್ಟಿದಳು. ಅವರು ಬಿಗಿಯಾಗಿ ಹಿಡಿದುಕೊಂಡರು.

ಅಲ್ಲಿಗೆ ನೋವು ಮುಗಿಯಲಿಲ್ಲ. ವಿಕಿರಣ ಪರೀಕ್ಷೆಗೆಂದು ಹದಿಹರೆಯದಲ್ಲಿ ವೈದ್ಯರ ಗುಂಪಿನ ಮುಂದೆ ಬೆತ್ತಲೆ ನಿಲ್ಲಬೇಕಾಯಿತು. ಅದನ್ನು ಬಾಯಿಬಿಟ್ಟು ಹೇಳಲು ಆಕೆಗೆ ವರ್ಷಗಳೇ ಹಿಡಿದವು. ಲೂಯಿಸ್‌ರನ್ನು ಇನ್ನೊಮ್ಮೆ ಕಾಣುವ ಆಸೆಯಿತ್ತು. ಅವರು 1983ರಲ್ಲಿ ತೀರಿಕೊಂಡರು. ಮುಂದೆ ಕೊಕೊ ಕೊಂಡೊ ಎಂದು ಹೆಸರಾದ ಆಕೆ, ಅಮೆರಿಕ ಮತ್ತು ಜಪಾನಿನ ವಿದ್ಯಾರ್ಥಿಗಳಿಗೆ ಹಿರೋಶಿಮಾದಲ್ಲೇ ನಿಂತು ಆ ಕೈ ಮುಟ್ಟಿದ ಕಥೆಯನ್ನು ದಶಕಗಳ ಕಾಲ ಹೇಳುತ್ತಾ ಬಂದರು.