ಮರಳಿನಲ್ಲಿ ಅರಳಿದ ಮಂಡಕ್ಕಿ

ಪರದೇಶದಲ್ಲಿ ನಾಲ್ಕು ಕನ್ನಡ ಕುಟುಂಬಗಳು ಸೇರಿದರೆ ಸಂಜೆಯ ತಿಂಡಿಗೆ ಚುರುಮುರಿ ಇರಬೇಕು ಎನ್ನುವುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಅದರ ಹೆಸರಿನಲ್ಲಿ ಮಾತ್ರ ನಮ್ಮಲ್ಲಿ ಒಮ್ಮತ ಮೂಡುವುದಿಲ್ಲ. ಬೆಂಗಳೂರು-ಮೈಸೂರಿನವರಿಗೆ ಉಬ್ಬಿದ ಅಕ್ಕಿ ಕಡ್ಲೆಪುರಿ. ಈರುಳ್ಳಿ, ಕ್ಯಾರೆಟ್ ತುರಿ, ಖಾರ ಬೆರೆತರೆ ಚುರುಮುರಿ. ದಾವಣಗೆರೆ, ಶಿವಮೊಗ್ಗದವರಿಗೆ ಅದು ಮಂಡಕ್ಕಿ. ಹುಬ್ಬಳ್ಳಿ-ಧಾರವಾಡದಲ್ಲಿ ಬರಿಯ ಕಾಳೇ ಚುರುಮುರಿ. ಹುಣಸೆ-ಬೆಲ್ಲದ ಒಗ್ಗರಣೆ, ಪುಟಾಣಿ ಹಿಟ್ಟು ಬಿದ್ದಾಗ ಗಿರಮಿಟ್. ಬಳ್ಳಾರಿ-ರಾಯಚೂರಿನ ಕಡೆ ನೀರಿನಲ್ಲಿ ನೆನೆಸಿ ಹಿಂಡಿ ಮಾಡುವ ತಿಂಡಿಗೆ ಒಗ್ಗರಣೆ ಎಂದೇ ಹೆಸರು, ಜೊತೆಗೆ ಬಿಸಿ ಮಿರ್ಚಿ. ನಮ್ಮ ಕರಾವಳಿಯವರ ಚರುಮುರಿಗೆ ತೆಂಗಿನೆಣ್ಣೆ, ಮಾವಿನಕಾಯಿ ಇಲ್ಲದೆ ರುಚಿಯಿಲ್ಲ.

ಹೆಸರು ಹಲವಾದರೂ ಕಾಳು ಒಂದೇ. ಅಗ್ಗ, ಹಗುರ, ಒಲೆ ಹಚ್ಚದೆ ತಿನ್ನಬಹುದು. ಆದ್ದರಿಂದಲೇ ಜಾತ್ರೆ, ಸಂತೆ, ಬಸ್ ನಿಲ್ದಾಣಗಳಲ್ಲಿ ಅದು ನೆಲೆಯೂರಿತು. ಆಯುಧಪೂಜೆಯ ದಿನ ಬೆಂಗಳೂರಿನ ಅಂಗಡಿ, ಕಾರ್ಖಾನೆಗಳಲ್ಲಿ ಕಡ್ಲೆಪುರಿ ಹಂಚುವುದು ಇಂದಿಗೂ ಉಂಟು.

ಧಾನ್ಯವನ್ನು ಅರಳಿಸುವ ವಿದ್ಯೆ ನಮ್ಮಲ್ಲಿ ಬಹಳ ಹಳೆಯದು. ಮದುವೆಯ ಲಾಜಾಹೋಮದಲ್ಲಿ ವಧು ಅಗ್ನಿಗೆ ಅರ್ಪಿಸುವ ಅರಳು ಭತ್ತವನ್ನೇ ನೇರವಾಗಿ ಹುರಿದು ಮಾಡಿದ್ದು. ಮಂಡಕ್ಕಿಯ ದಾರಿ ಇನ್ನೂ ಉದ್ದ. ಭತ್ತವನ್ನು ನೆನೆಸಿ, ಶಾಖ ಕೊಟ್ಟು, ಒಣಗಿಸಿ, ಹೊಟ್ಟು ಬಿಡಿಸಬೇಕು. ಸಿಕ್ಕ ಅಕ್ಕಿಗೆ ಉಪ್ಪುನೀರು ಸೇರಿಸಿ, ಕಾದ ಮರಳಿಗೆ ಹಾಕಿ ಆಡಿಸಬೇಕು. ಒಳಗಿನ ತೇವ ಒಮ್ಮೆಗೇ ಆವಿಯಾಗಿ ಕಾಳು ಕೆಲವೇ ಕ್ಷಣಗಳಲ್ಲಿ ಉಬ್ಬುತ್ತದೆ. ಮರಳು ಕಾದದ್ದು ಸಾಲದಿದ್ದರೆ ಕಾಳು ಗಟ್ಟಿಯಾಗಿ ಉಳಿಯುತ್ತದೆ, ಹೆಚ್ಚಾದರೆ ಕರಕಲು. ಆ ಹದ ಭಟ್ಟಿಯ ಮುಂದೆ ನಿಂತವರ ಕೈಗೆ ಮಾತ್ರ ಗೊತ್ತು.

ಈ ದುಡಿಮೆ ಕಣ್ಣಿಗೆ ಕಾಣುವ ಊರು ದಾವಣಗೆರೆ. ಹತ್ತಿಗಿರಣಿಗಳಿಂದ ಹೆಸರಾದ ಆ ನಗರದಲ್ಲಿ ಗಿರಣಿಗಳ ವೈಭವ ಮುಗಿದರೂ ಮಂಡಕ್ಕಿ ಭಟ್ಟಿಗಳು ಉಳಿದವು. ಮಂಡಕ್ಕಿ-ಮೆಣಸಿನಕಾಯಿ, ನರ್ಗೀಸ್ ಮಂಡಕ್ಕಿ ಆ ಊರಿನ ಗುರುತಾದವು. ಆದರೆ ಭಟ್ಟಿಯ ಬೆಂಕಿಯ ಮುಂದೆ ದುಡಿದವರು ಬಡವರು, ಅವರಲ್ಲಿ ಮುಸ್ಲಿಂ ಕುಟುಂಬಗಳು ಬಹಳ. ಉರುವಲಿಗೆ ಹಳೆಯ ಟೈರು ಸುಟ್ಟ ಕಪ್ಪುಹೊಗೆ, ಮಕ್ಕಳ ದುಡಿಮೆ, ಇವು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಸುದ್ದಿಯಾದವು. ನಮ್ಮ ನಾಲಿಗೆಯ ನೆನಪಿನಲ್ಲಿ ಗಾಡಿಯವನ ಕೈಚಳಕ, ಕಾಗದದ ಪೊಟ್ಟಣ ಎಲ್ಲ ಇವೆ. ಆ ಹೊಗೆ ಮಾತ್ರ ಇಲ್ಲ.

ಇದು ಕನ್ನಡನಾಡಿಗಷ್ಟೇ ಸೇರಿದ ಕಥೆಯಲ್ಲ. ಬಂಗಾಳದಲ್ಲಿ ಮುಡಿಗೆ ಸಾಸಿವೆ ಎಣ್ಣೆ, ಹಸಿಮೆಣಸು, ಕೊಬ್ಬರಿ ಚೂರು ಸೇರಿದರೆ ಝಾಲ್‌ಮುಡಿ. ಝಾಲ್ ಎಂದರೆ ಖಾರ. ಮುಂಬಯಿಯಲ್ಲಿ ಸೇವು, ಹುಣಸೆ ಚಟ್ನಿ ಕೂಡಿ ಭೇಲ್ ಆಯಿತು. ಕೊಲ್ಕತ್ತಾದ ಬೀದಿಯಲ್ಲಿ ರುಚಿ ಕಂಡ ಆಂಗಸ್ ಡೆನೂನ್ ಎಂಬ ಬ್ರಿಟಿಷ್ ಬಾಣಸಿಗ ಲಂಡನ್ನಿನಲ್ಲಿ ಝಾಲ್‌ಮುಡಿ ಗಾಡಿ ಇಟ್ಟರು. 2019ರ ಕ್ರಿಕೆಟ್ ವಿಶ್ವಕಪ್ ವೇಳೆ ಓವಲ್ ಮೈದಾನದ ಹೊರಗೆ ಅವರು ಮಾರುತ್ತಿದ್ದ ವಿಡಿಯೊ ಎಲ್ಲೆಡೆ ಹರಿದಾಡಿತು.

ಅಮೆರಿಕ ಉಬ್ಬಿದ ಅಕ್ಕಿಯನ್ನು ಕಂಡ ಬಗೆಯೇ ಬೇರೆ. ಸಸ್ಯವಿಜ್ಞಾನಿ ಅಲೆಕ್ಸಾಂಡರ್ ಆ್ಯಂಡರ್ಸನ್ 1904ರ ಸೇಂಟ್ ಲೂಯಿಸ್ ವಿಶ್ವಮೇಳದಲ್ಲಿ ಫಿರಂಗಿಯಂಥ ಕೊಳವೆಯಲ್ಲಿ ಅಕ್ಕಿಯನ್ನು ಒತ್ತಡದಲ್ಲಿ ಕಾಯಿಸಿ ಸಿಡಿಸಿ ತೋರಿಸಿದರು. ಕ್ವೇಕರ್ ಕಂಪನಿ ಅದನ್ನು ಬೆಳಗಿನ ಉಪಾಹಾರವಾಗಿ ಮಾರಿತು. ಅಲ್ಲಿ ಅದನ್ನು ಮಾಡಿದವನ ಹೆಸರು ಚರಿತ್ರೆಯಲ್ಲಿ ದಾಖಲಾಯಿತು. ಅದಕ್ಕೂ ಎಷ್ಟೋ ಮೊದಲಿನಿಂದ ಮರಳಿನಲ್ಲಿ ಅದೇ ಕೆಲಸ ಮಾಡಿದ ನಮ್ಮವರ ಒಂದು ಹೆಸರೂ ಉಳಿದಿಲ್ಲ.

ಇಂದು ಅದೇ ಅಮೆರಿಕದಲ್ಲಿ, ಸಿಯಾಟಲ್ ಸಮೀಪದ ಸ್ನೊಕ್ವಾಲ್ಮಿಯಂಥ ಊರಿನಲ್ಲಿರುವ ಕನ್ನಡಿಗರಿಗೂ ಗಲ್ಫಿನ ನಮಗೂ ಮಂಡಕ್ಕಿ ಪ್ಯಾಕೆಟ್ಟಿನಲ್ಲೇ ಸಿಗುತ್ತದೆ. ಅಲ್ಲಿ ಮಳೆಯ ಥಂಡಿ, ಇಲ್ಲಿ ಬೇಸಿಗೆಯ ಕಡಲಗಾಳಿಯ ತೇವ. ಪ್ಯಾಕೆಟ್ ಒಡೆದು ಇಟ್ಟರೆ ಎರಡೂ ಕಡೆ ಮೆತ್ತಗಾಗುತ್ತದೆ. ಬಾಣಲೆಯಲ್ಲಿ ಸ್ವಲ್ಪ ಬಿಸಿ ಮಾಡಿದರೆ ಮತ್ತೆ ಗರಿಗರಿ. ಒಗ್ಗರಣೆ ಮಾಡುವವರಿಗೆ ಆ ಚಿಂತೆಯೂ ಇಲ್ಲ.

ನಮ್ಮ ಮಕ್ಕಳಿಗೆ ಈ ತಿಂಡಿಯ ರುಚಿ ಆಗಲೇ ಹಿಡಿಸಿದೆ. ಸಂಘದ ಮುಂದಿನ ಕೂಟದಲ್ಲಿ ಚುರುಮುರಿ ಹಂಚುವಾಗ ಅದರ ಊರೂರಿನ ಹೆಸರುಗಳ ಜೊತೆಗೆ ಭಟ್ಟಿಯ ಮರಳು, ಬೆಂಕಿ, ಅದರ ಮುಂದೆ ದುಡಿದವರ ಸಂಗತಿಯನ್ನೂ ಅವರಿಗೆ ಹೇಳೋಣ. ಒಂದು ಹಿಡಿ ಮಂಡಕ್ಕಿಗೆ ತೂಕವಿಲ್ಲ ನಿಜ. ಅದರ ಹಿಂದಿನ ದುಡಿಮೆಗೆ ತೂಕವಿದೆ.