ಯಂತ್ರ ಕೊಳ್ಳುವ ಮುಂಚೆ ಕ್ಯಾನು ನೋಡಿದವರು

ನಮ್ಮ ಸಂಘದ ಇಪ್ಪತ್ತೈದು ವರ್ಷಗಳ ಲೆಕ್ಕಪತ್ರ, ಬೆಳವಣಿಗೆಯ ವಿವರ ಈ ಸಂಚಿಕೆಯ ಬೇರೆ ಪುಟಗಳಲ್ಲಿ ಬಂದಿದೆ. ನಾವಿಲ್ಲಿ ಬರೆಯಹೊರಟಿರುವುದು ನಮಗೆಲ್ಲ ಹಿರಿಯಣ್ಣನಂತಿರುವ ಗುಜರಾತಿನ ಖೇಡಾ ಜಿಲ್ಲಾ ಹಾಲು ಉತ್ಪಾದಕರ ಒಕ್ಕೂಟ, ಅಂದರೆ ಆನಂದ್ ಪಟ್ಟಣದ ಅಮುಲ್, ಯಂತ್ರಗಳಿಗೆ ಹಣ ಹಾಕಿದ ಚರಿತ್ರೆಯನ್ನು. ಯಾಕೆಂದರೆ ಸಂಘದ ಕೈಯಲ್ಲಿ ನಾಲ್ಕು ಕಾಸು ಸೇರಿತೆಂದರೆ ‘ಹಾಲು ತಂಪು ಮಾಡೋ ಯಂತ್ರ ತರೋಣ’, ‘ಕಂಪ್ಯೂಟರ್ ಹಾಕೋಣ’, ‘ಕಟ್ಟಡಕ್ಕೆ ಇನ್ನೊಂದು ಅಂತಸ್ತು ಎತ್ತೋಣ’ ಎಂಬ ಮಾತು ಏಳುವುದು ಸಹಜ. ಎಲ್ಲವೂ ಒಳ್ಳೆಯದೇ. ಆದರೆ ದುಡ್ಡು ಒಂದೇ.

ಖೇಡಾದ ರೈತರ ಕಷ್ಟ ಶುರುವಾದದ್ದು 1945ರಲ್ಲಿ. ಮುಂಬಯಿ ನಗರಕ್ಕೆ ಹಾಲು ಸಾಗಿಸುವ ಸರ್ಕಾರಿ ಯೋಜನೆ ಬಂತು, ಹಾಲು ಕೊಳ್ಳುವ ಹಕ್ಕು ಪೋಲ್ಸನ್ ಎಂಬ ಖಾಸಗಿ ಡೈರಿಗೆ ಹೋಯಿತು. ಲಾಭ ಮಧ್ಯವರ್ತಿಗೆ, ಸಗಣಿ ಬಾಚುವ ಕೆಲಸ ರೈತನಿಗೆ. ಸರ್ದಾರ್ ಪಟೇಲರ ಸಲಹೆಯಂತೆ ಮೊರಾರ್ಜಿ ದೇಸಾಯಿಯವರು 1946ರ ಜನವರಿಯಲ್ಲಿ ಸಮರ್ಖಾ ಗ್ರಾಮದಲ್ಲಿ ಸಭೆ ಕೂಡಿಸಿದರು. ರೈತರು ಹದಿನೈದು ದಿನ ಹಾಲು ಹಾಕಲಿಲ್ಲ. ಅದೇ ವರ್ಷ ಡಿಸೆಂಬರ್ 14ರಂದು ಒಕ್ಕೂಟ ನೋಂದಣಿಯಾಯಿತು, ತ್ರಿಭುವನದಾಸ್ ಪಟೇಲರು ಅಧ್ಯಕ್ಷರಾದರು. ಸದಸ್ಯ ತಂದ ಹಾಲು ವರ್ಷವಿಡೀ ಮಾರಾಟವಾಗಬೇಕು, ನಡುವೆ ಯಾರೂ ಕೈ ಹಾಕಬಾರದು — ಇದೇ ಅವರ ಗುರಿ. ಮುಂದೆ ತಂದ ಒಂದೊಂದು ಯಂತ್ರವನ್ನೂ ಈ ಕೋಲಿನಿಂದಲೇ ಅಳೆದಂತೆ ಕಾಣುತ್ತದೆ.

1948ರಲ್ಲಿ ಕೆಲಸ ಆರಂಭವಾದಾಗ ಇದ್ದದ್ದು ಸರ್ಕಾರಿ ಕ್ರೀಮರಿಯ ಹಳೇ ಯಂತ್ರ. ಪದೇ ಪದೇ ಕೆಡುತ್ತಿತ್ತು. ಮುಂಬಯಿಗೆ 400 ಕಿಲೋಮೀಟರಿಗೂ ಹೆಚ್ಚು ರೈಲು ದಾರಿ, ಹೋಗುವಷ್ಟರಲ್ಲಿ ಹಾಲು ಹುಳಿ. ಆ ಕ್ರೀಮರಿಗೆ 1949ರಲ್ಲಿ ನೌಕರಿಗೆ ಬಂದವರು ವರ್ಗೀಸ್ ಕುರಿಯನ್. (ಅವರು ಹೈನುಗಾರಿಕೆಯ ಮೊದಲ ಪಾಠ ಕಲಿತದ್ದು ನಮ್ಮ ಬೆಂಗಳೂರಿನ ಸಂಸ್ಥೆಯಲ್ಲೇ ಎಂಬುದು ನಮಗೊಂದು ಹೆಮ್ಮೆ.) ಇದಕ್ಕೆ ತೇಪೆ ಹಾಕಿ ಪ್ರಯೋಜನವಿಲ್ಲ, ಹೊಸ ಪಾಶ್ಚರೀಕರಣ ಯಂತ್ರವನ್ನೇ ತರಿಸಿ ಎಂದರು ಕುರಿಯನ್. ಬೆಲೆ ಸುಮಾರು 40,000 ರೂಪಾಯಿ, ಆ ಕಾಲಕ್ಕೆ ದೊಡ್ಡ ಗಂಟು. ತ್ರಿಭುವನದಾಸರು ನೆಂಟರಲ್ಲಿ ಸಾಲ ಎತ್ತಿ ತಂದರು. ಸಾಲದ ಮೇಲೆ ಯಂತ್ರ ತಂದದ್ದು ಸರಿಯೇ ಎಂದು ಕೇಳಬಹುದು. ಸರಿ ಎಂದೇ ನಮ್ಮ ಅಭಿಪ್ರಾಯ, ಹಾಲು ದಾರಿಯಲ್ಲೇ ಕೆಡುತ್ತಿದ್ದಾಗ ಬೇರಾವ ಖರ್ಚೂ ಅದಕ್ಕಿಂತ ಮುಂದಲ್ಲ.

ಆಮೇಲೆ ಬಂದ ತೊಂದರೆ ಇನ್ನೂ ದೊಡ್ಡದು. ಎಮ್ಮೆ ಚಳಿಗಾಲದಲ್ಲಿ ಹೆಚ್ಚು ಕರೆಯುತ್ತದೆ, ಬೇಸಿಗೆಯಲ್ಲಿ ಇಳಿಸಿಬಿಡುತ್ತದೆ. ಮುಂಬಯಿಗೆ ಮಾತ್ರ ಹನ್ನೆರಡು ತಿಂಗಳೂ ಒಂದೇ ಅಳತೆ. ಚಳಿಗಾಲದ ಹೆಚ್ಚುವರಿ ಹಾಲನ್ನು ಕೊಳ್ಳುವವರಿಲ್ಲ. ‘ಇವತ್ತು ಹಾಲು ಬೇಡ’ ಅಂತ ಒಂದು ದಿನ ಹಿಂದಕ್ಕೆ ಕಳಿಸಿದರೆ ರೈತ ಮತ್ತೆ ಖಾಸಗಿಯವನ ಬಾಗಿಲಿಗೇ ಹೋಗಬೇಕು. ದಾರಿ ಒಂದೇ, ಚಳಿಗಾಲದ ಹಾಲನ್ನು ಪುಡಿ ಮಾಡಿ ಇಡುವುದು. ಆದರೆ ಎಮ್ಮೆ ಹಾಲು ಪುಡಿಯಾಗದು ಎಂದು ಪರದೇಶದ ಪಂಡಿತರು ಹೇಳಿಬಿಟ್ಟಿದ್ದರು. ಅವರ ಯಂತ್ರ, ಅವರ ಶಾಸ್ತ್ರ ಎಲ್ಲ ಹಸುವಿನ ಹಾಲಿನದು. ಆನಂದಿನಲ್ಲಿದ್ದ ಎಚ್.ಎಂ. ದಲಾಯ ಎಂಬ ತಜ್ಞರು ಇದನ್ನು ಒಪ್ಪಲಿಲ್ಲ. ಗಟ್ಟಿ ಮಾಡಿದ ಹಾಲನ್ನು ಬಿಸಿಗಾಳಿಯೊಳಗೆ ಮಂಜಿನಂತೆ ಸಿಂಪಡಿಸಿದರೆ ನೀರು ಹಾರಿ ಪುಡಿ ಕೆಳಗೆ ಬೀಳುತ್ತದೆ, ಈ ವಿಧಾನವನ್ನು ಎಮ್ಮೆ ಹಾಲಿಗೂ ಒಗ್ಗಿಸಿ ತೋರಿಸಿದರು. ಯುನಿಸೆಫ್ ಯಂತ್ರೋಪಕರಣ ಕೊಟ್ಟಿತು, ಬದಲಿಗೆ ಒಕ್ಕೂಟ ಬಡ ಮಕ್ಕಳಿಗೆ ಉಚಿತವಾಗಿ ಹಾಲು ಹಂಚಬೇಕಾಗಿತ್ತು. 1955ರ ಅಕ್ಟೋಬರ್ 31ರಂದು ಪ್ರಧಾನಿ ನೆಹರೂ ಅವರು ಆ ಕಾರ್ಖಾನೆಯನ್ನು ಉದ್ಘಾಟಿಸಿದರು. ಪೇಟೆಯಲ್ಲಿ ಸಿಗುವ ಯಂತ್ರಕ್ಕೆ ತಕ್ಕಂತೆ ರೈತರು ಎಮ್ಮೆ ಬಿಟ್ಟು ಹಸು ಕಟ್ಟಿ ಅಂತ ಅವರು ಹೇಳಲಿಲ್ಲ, ಕೊಟ್ಟಿಗೆಯಲ್ಲಿದ್ದ ಎಮ್ಮೆಗೆ ತಕ್ಕ ಯಂತ್ರ ಮಾಡಿಕೊಂಡರು.

ಎಮ್ಮೆ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನ ಸಿಕ್ಕಿದ್ದು ನಮ್ಮ ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದಿಂದ. ಆನಂದಿನಲ್ಲಿ ಅದು 1960ರ ಸುಮಾರಿಗೆ ತಯಾರಾಗತೊಡಗಿತು. 1964ರಲ್ಲಿ ಕಂಜರಿಯಲ್ಲಿ ಪಶು ಆಹಾರ ಕಾರ್ಖಾನೆ ಕಟ್ಟಿದರು, ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಬಂದು ಉದ್ಘಾಟಿಸಿದರು. ಹಾಲಿನವರಿಗೆ ಹಿಂಡಿ ಕಾರ್ಖಾನೆ ಯಾತಕ್ಕೆ? ಹಿಂಡಿ ಬೂಸಾಕ್ಕೆ ಬಟವಾಡೆಯ ದುಡ್ಡು ಎಷ್ಟು ಹೋಗುತ್ತದೆಂಬುದು ನಮ್ಮ ಸದಸ್ಯರಿಗೆ ಗೊತ್ತೇ ಇದೆ.

ಇನ್ನು ಕಂಪ್ಯೂಟರಿನ ವಿಚಾರ. ಖೇಡಾದ ಹಳ್ಳಿ ಸಂಘಗಳಿಗೆ ಅದು ಬಂದದ್ದು 1990ರ ದಶಕದಲ್ಲಿ, ಒಕ್ಕೂಟಕ್ಕೆ ಐವತ್ತರ ಹತ್ತಿರ ವಯಸ್ಸಾದಾಗ. ಬಂದದ್ದೂ ಆಫೀಸಿನ ಮೇಜಿಗಲ್ಲ, ಹಾಲು ಅಳೆಯುವ ಕಟ್ಟೆಗೆ. ಮೊದಲು ಆಸಿಡ್ ಹಾಕಿ ಗಿರಗಿರನೆ ತಿರುಗಿಸಿ ಫ್ಯಾಟು ನೋಡುತ್ತಿದ್ದರು, ಫಲಿತಾಂಶಕ್ಕೆ ಕಾಯಬೇಕಿತ್ತು, ಅನುಮಾನವೂ ಜಾಸ್ತಿ. ಈಗ ತೂಕ, ಫ್ಯಾಟು, ಬೆಲೆ ಮೂರೂ ಹಾಲು ಹಾಕಿದವಳ ಕಣ್ಣೆದುರೇ ಚೀಟಿಯಲ್ಲಿ ಬಂತು. ಜಗಳ ನಡೆಯುತ್ತಿದ್ದ ಜಾಗಕ್ಕೇ ಯಂತ್ರ ಹೋಯಿತು ಅನ್ನಿ.

ಕರ್ನಾಟಕದಲ್ಲಿ 1974ರಲ್ಲಿ ವಿಶ್ವಬ್ಯಾಂಕ್ ನೆರವಿನ ಹೈನು ಅಭಿವೃದ್ಧಿ ಯೋಜನೆಯಿಂದ ಈ ಆನಂದ್ ಮಾದರಿ ನಮ್ಮ ಹಳ್ಳಿಗಳಿಗೆ ಬಂತು. ನಮ್ಮ ಸಂಘವೂ ಅದೇ ಬಳ್ಳಿಯ ಕಾಯಿ. ಈಗ ಮೀಸಲು ನಿಧಿಯಲ್ಲಿರುವುದು ಸದಸ್ಯರ ಬೋನಸ್ಸಿನಿಂದ ಉಳಿಸಿದ ಹಣ. ಬರುವ ಸರ್ವ ಸದಸ್ಯರ ಸಭೆಯಲ್ಲಿ ಹಾಲು ಶೀತಲೀಕರಣ ಘಟಕ, ಮೇಲಂತಸ್ತು, ಹೊಸ ಕಂಪ್ಯೂಟರ್ ಮೂರೂ ಪಟ್ಟಿಯಲ್ಲಿವೆ. ಶೀತಲೀಕರಣ ಘಟಕದ ಬೆಲೆಯೊಂದನ್ನೇ ನೋಡಿದರೆ ಆಗದು. ಸಂಜೆ ಹಾಲು ಎಷ್ಟು ಲೀಟರು, ಕರೆಂಟು ಹೋದಾಗ ಜನರೇಟರಿಗೆ ಡೀಸೆಲ್ ಎಷ್ಟು, ಹೋದ ಬೇಸಿಗೆಯಲ್ಲಿ ಹುಳಿಯಾಗಿ ವಾಪಸು ಬಂದ ಕ್ಯಾನು ಎಷ್ಟು ಎಂಬುದೂ ಬೇಕು. ವಾಪಸು ಬಂದ ಕ್ಯಾನಿನ ಲೆಕ್ಕದ ಪುಸ್ತಕವನ್ನು ಕಾರ್ಯದರ್ಶಿಗಳು ಸಭೆಗೆ ತರಲಿದ್ದಾರೆ. ಹಾಲು ಹಾಕುವ ಹೆಣ್ಣುಮಕ್ಕಳೂ ಆವತ್ತು ಬಂದು ಅದನ್ನು ನೋಡಬೇಕೆಂದು ಕೋರುತ್ತೇವೆ.